ಫ್ರಿಡ್ಜಿನ ಮುಂದಿನ ನೀಲಿ ಚಪ್ಪಲಿ

ಹಾಸ್ಟೆಲ್, ಹಾಸನ
17 ನವೆಂಬರ್ 2024

ಪ್ರೀತಿಯ ಅಜ್ಜನಿಗೆ ಪ್ರಾಪ್ತಿಯ ನಮಸ್ಕಾರ.

ನನ್ನ ಪತ್ರ ಕಂಡು ಗಾಬರಿಯಾಗಬೇಡಿ, ನಾನು ಆರಾಮ ಇದ್ದೇನೆ. ಇಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ವಾರ್ಡನ್ ಫೋನಿನಲ್ಲಿ ತಿಂಗಳಿಗೆ ಎರಡು ಸಲ ಹತ್ತು ನಿಮಿಷ. ಅದನ್ನು ಅಮ್ಮ "ಊಟ ಆಯ್ತಾ, ತಲೆಗೆ ಎಣ್ಣೆ ಹಾಕಿದೆಯಾ" ಎಂದು ಕೇಳಿಯೇ ಮುಗಿಸುತ್ತಾರೆ. ನಿಮ್ಮ ಕಿವಿಗೂ ಫೋನಿಗೂ ಮೊದಲೇ ಆಗುವುದಿಲ್ಲ. ಅದಕ್ಕೆ ಪತ್ರ.

ವಿದ್ಯುಚ್ಛಕ್ತಿ ಪಾಠದ ಟೆಸ್ಟಿನಲ್ಲಿ ನನಗೆ ಇಪ್ಪತ್ತೈದಕ್ಕೆ ಒಂಬತ್ತು. ಸಯನ್ಸ್ ಸರ್ ಎಲ್ಲರ ಎದುರೇ, "ಏನಮ್ಮಾ, ನಿಮ್ಮ ತಾತ ವೈರ್‌ಮನ್ ಅಂತಿದ್ದೆ. ನೀನು ನೋಡಿದ್ರೆ ಸೀಮೆಎಣ್ಣೆ ಕಾಲದವಳ ಥರ ಬರ್ದಿದ್ದೀಯ" ಅಂದರು. ಪಕ್ಕದ ಮಂಚದ ಆಂಡ್ರಿಯಾ ಕೂಡ ನಕ್ಕಳು. ಆಮೇಲೆ ಸಾರಿ ಹೇಳಿ ಚಕ್ಕುಲಿ ಕೊಟ್ಟಳು.

ಪುಸ್ತಕದಲ್ಲಿ ಪ್ರವಾಹ, ವಿಭವಾಂತರ, ರೋಧ ಎಂದೆಲ್ಲ ಉಂಟು. ಬಾಯಿಪಾಠ ಬರುತ್ತದೆ, ತಲೆಗೆ ಹೋಗುವುದಿಲ್ಲ. ನೀವು ನನಗೆ ಒಂದೊಂದೇ ಬರೆದು ತಿಳಿಸುತ್ತೀರಾ? ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ.

ಅಜ್ಜಿಯನ್ನು ಕೇಳಿದೆ ಎಂದು ಹೇಳಿ.

ನಿಮ್ಮ ಪುಳ್ಳಿ,
ಪ್ರಾಪ್ತಿ


ತೋಟ ಬೆಂಗ್ರೆ
24 ನವೆಂಬರ್ 2024

ಪುಳ್ಳಿ ಪ್ರಾಪ್ತಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಪತ್ರ ಬಂದ ದಿನ ಪೋಸ್ಟಿನವನು ದೋಣಿಯಿಂದ ಇಳಿಯುವಾಗಲೇ "ನೋಣಯ್ಯಣ್ಣಾ, ಬ್ಯಾಂಕಿನದ್ದಲ್ಲ, ನಿಜವಾದ ಪತ್ರ!" ಎಂದು ಕೂಗಿದ. ಅಜ್ಜಿಗೆ ಎರಡು ಸಲ ಓದಿ ಹೇಳಿದೆ. ಒಂಬತ್ತು ಅಂಕದ ಸಾಲನ್ನು ಮಾತ್ರ ಒಂದೇ ಸಲ.

ನಿಮ್ಮ ಸರ್ ಹೇಳಿದ್ದಕ್ಕೆ ಬೇಜಾರು ಮಾಡಬೇಡ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೀನಿನ ಬೋಟುಗಳ ಬ್ಯಾಟರಿಯಿಂದ ಶುರು ಮಾಡಿ, ಬಂದರಿನಲ್ಲಿ ಖಾಲಿದ್ ಸಾಹೇಬರ ಎಲೆಕ್ಟ್ರಿಕ್ ಅಂಗಡಿಯ ಹಾಳಾದ ಹೋಲ್ಡರುಗಳನ್ನು ಬಿಚ್ಚಿ ಬಿಚ್ಚಿ ಕಲಿತದ್ದು. ವಿಭವಾಂತರ ಎಂಬ ಶಬ್ದವನ್ನು ನಿನ್ನ ಪತ್ರದಲ್ಲೇ ಮೊದಲು ಓದಿದೆ. ಹಾಗಾಗಿ ನನಗೆ ಗೊತ್ತಿರುವ ದಾರಿಯಲ್ಲೇ ಹೇಳುತ್ತೇನೆ.

ನಮ್ಮ ಫೆರಿ ದೋಣಿಯನ್ನು ನೆನಪು ಮಾಡಿಕೋ. ಬೆಂಗ್ರೆಯಿಂದ ಮೀನಿನ ಬುಟ್ಟಿ ಹೇರಿಕೊಂಡು ಹೊಳೆ ದಾಟಿ ಬಂದರಿಗೆ ಹೋಗುತ್ತದೆ, ಬುಟ್ಟಿ ಇಳಿಸಿ ಹಿಂದೆ ಬರುತ್ತದೆ. ಹೋದ ದೋಣಿಗಳು ಆಚೆಯೇ ಉಳಿದರೆ ಸ್ವಲ್ಪ ಹೊತ್ತಿನಲ್ಲಿ ಈಚೆ ದಡದಲ್ಲಿ ದೋಣಿಯೇ ಇರುವುದಿಲ್ಲ, ಕೆಲಸ ನಿಂತಿತು. ಕರೆಂಟಿನದ್ದೂ ಇದೇ ಕಥೆ. ಸೆಲ್ಲಿನಿಂದ ಹೊರಟದ್ದು ಬಲ್ಬಿನಲ್ಲಿ ಕೆಲಸ ಮಾಡಿ ಪುನಃ ಸೆಲ್ಲಿಗೇ ಬರಬೇಕು. ಆ ಸುತ್ತಿಗೆ ಸರ್ಕ್ಯೂಟ್ ಎನ್ನುವುದು. ದಾರಿ ಎಲ್ಲಿ ತುಂಡಾದರೂ ಇಡೀ ಸುತ್ತು ನಿಲ್ಲುತ್ತದೆ. ಸ್ವಿಚ್ ಎಂದರೆ ನಾವೇ ಬೇಕೆಂದು ತುಂಡು ಮಾಡುವ ಜಾಗ.

ಗಂಟೆಗೆ ಎಷ್ಟು ದೋಣಿ ದಾಟಿತು ಎಂದು ಎಣಿಸುತ್ತೇವಲ್ಲ, ಕರೆಂಟಿನಲ್ಲಿ ಆ ಲೆಕ್ಕಕ್ಕೆ ಆಂಪಿಯರ್ ಎಂದು ಹೆಸರು. ಇನ್ನೊಂದು ಮಾತು. ಬಲ್ಬು ಕರೆಂಟನ್ನು ತಿಂದು ಮುಗಿಸುತ್ತದೆ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಹಾಗಲ್ಲ. ಒಳಗೆ ಹೋದಷ್ಟೇ ಹೊರಗೆ ಬರುತ್ತದೆ. ದೋಣಿ ಬಂದರಿನಲ್ಲಿ ಮೀನು ಇಳಿಸುತ್ತದೆ ಬಿಟ್ಟರೆ ದೋಣಿಯನ್ನೇ ಮಾರಿ ಬರುವುದಿಲ್ಲ.

ಒಂದು ಬಿಸ್ಕತ್ತಿನ ಡಬ್ಬಿ ಪಾರ್ಸೆಲ್ ಮಾಡಿದ್ದೇನೆ. ಎರಡು ಟಾರ್ಚ್ ಸೆಲ್, ಒಂದು ಸಣ್ಣ ಬಲ್ಬು, ಹೋಲ್ಡರು, ಸ್ವಿಚ್ಚು, ನಾಲ್ಕು ತುಂಡು ವಯರ್. ನಿನ್ನ ಕೈಯಿಂದಲೇ ಜೋಡಿಸು. ಮೂರು ವೋಲ್ಟು ಇರುವೆಯನ್ನೂ ಹೆದರಿಸುವುದಿಲ್ಲ.

ಅಜ್ಜಿ ಚೆನ್ನಾಗಿದ್ದಾಳೆ. ಮೊನ್ನೆ ನಾನು ಫ್ರಿಡ್ಜಿನಿಂದ ಮಜ್ಜಿಗೆ ತೆಗೆಯಲು ಹೋದಾಗ "ಚಪ್ಪಲಿ ಎಲ್ಲಿ, ಚಪ್ಪಲಿ?" ಎಂದು ಬೊಬ್ಬೆ ಹಾಕಿದಳು. ಒಂಬತ್ತು ವರ್ಷವಾಯಿತು, ಫ್ರಿಡ್ಜಿನ ಮುಂದೆ ಆ ನೀಲಿ ಹವಾಯಿ ಚಪ್ಪಲಿ ಇನ್ನೂ ಉಂಟು. ಅದನ್ನು ಮೆಟ್ಟದೆ ಯಾರೂ ಬಾಗಿಲು ತೆರೆಯುವ ಹಾಗಿಲ್ಲ.

ನಿನ್ನ ಅಜ್ಜ,
ನೋಣಯ್ಯ


ಹಾಸ್ಟೆಲ್, ಹಾಸನ
8 ಡಿಸೆಂಬರ್ 2024

ಪ್ರೀತಿಯ ಅಜ್ಜನಿಗೆ,

ಡಬ್ಬಿ ತಲುಪಿತು. ಬಲ್ಬು ಚೆನ್ನಾಗಿ ಉರಿಯಿತು. ಆಂಡ್ರಿಯಾಗೂ ತುಂಬಾ ಖುಷಿಯಾಯಿತು. ದೋಣಿಯ ಕಥೆಯನ್ನು ಅವಳಿಗೆ ಹೇಳಿದೆ, ಅವಳಿಗೂ ಪಾಠ ಅರ್ಥವಾಯಿತಂತೆ. ಈ ಸಲದ ಟೆಸ್ಟಿನಲ್ಲಿ ನನಗೆ ಹದಿನಾಲ್ಕು!

ಈಗ ವೋಲ್ಟೇಜ್ ಹೇಳಿ. ಎಷ್ಟು ದೋಣಿ ಎಂಬುದು ಕರೆಂಟ್ ಆದರೆ, ವೋಲ್ಟೇಜ್ ಎಂತ? ಮತ್ತೆ, ಕಂಬದ ತಂತಿಯ ಮೇಲೆ ಕೂತ ಕಾಗೆಗೆ ಯಾಕೆ ಶಾಕ್ ಹೊಡೆಯುವುದಿಲ್ಲ? ಸರ್ ಹತ್ತಿರ ಕೇಳಿದೆ. "ಪರೀಕ್ಷೆಗೆ ಕಾಗೆ ಬರಲ್ಲ, ಮುಂದಕ್ಕೆ ಓದು" ಅಂದರು.

ಪ್ರಾಪ್ತಿ


ತೋಟ ಬೆಂಗ್ರೆ
20 ಡಿಸೆಂಬರ್ 2024

ಪುಳ್ಳಿಗೆ ಆಶೀರ್ವಾದ.

ಹದಿನಾಲ್ಕು ಎಂದು ಕೇಳಿ ಅಜ್ಜಿ ನೀರುದೋಸೆ ಮಾಡಿದಳು. ನಿನ್ನ ಪಾಲನ್ನೂ ನಾನೇ ತಿಂದೆ.

ವೋಲ್ಟೇಜಿಗೆ ದೋಣಿ ಬಿಟ್ಟು ಶಾಲೆಯ ಹತ್ತಿರದ ನೀರಿನ ಟಾಂಕಿಗೆ ಬಾ. ಟಾಂಕಿ ಎತ್ತರದಲ್ಲಿರುವುದರಿಂದ ನಲ್ಲಿಯಲ್ಲಿ ನೀರು ರಭಸದಿಂದ ಬರುತ್ತದೆ. ಆ ಎತ್ತರವೇ ವೋಲ್ಟೇಜ್. ಆದರೆ ಎತ್ತರ ಎಂದರೆ ಯಾವುದಕ್ಕಿಂತ? ನಲ್ಲಿಗಿಂತ. ಹಾಗಾಗಿ ವೋಲ್ಟೇಜ್ ಒಂದು ಜಾಗದ್ದಲ್ಲ, ಯಾವಾಗಲೂ ಎರಡು ಜಾಗಗಳ ನಡುವಿನದ್ದು. ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲೆ, ಒಂದೇ ಎತ್ತರದಲ್ಲಿ. ನೀರು ಹರಿಯಲು ಇಳಿಜಾರೇ ಇಲ್ಲ. ಕಾಗೆಯ ಒಂದು ಕಾಲು ತಂತಿಯಲ್ಲಿ, ಇನ್ನೊಂದು ಕಾಲು ನೆಲದಲ್ಲಿ ಇದ್ದಿದ್ದರೆ ಕಥೆ ಬೇರೆ.

ರೋಧ ಎಂದರೆ ಪೈಪಿನೊಳಗಿನ ಅಡ್ಡಿ. ಪೈಪು ಸಪೂರವಾದಷ್ಟೂ, ಉದ್ದವಾದಷ್ಟೂ ನೀರು ಕಡಿಮೆ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. ನಿನ್ನ ಪುಸ್ತಕದಲ್ಲಿರುವ ಓಮ್ ಎಂಬವರ ನಿಯಮ ಇಷ್ಟೇ.

ನಮ್ಮ ಮೈಗೂ ರೋಧ ಉಂಟು. ಒಣಗಿದ ಕೈಯದ್ದು ಹತ್ತಾರು ಸಾವಿರ ಓಮ್. ಒದ್ದೆಯಾದರೆ ಅದೇ ಕೈ ಸಾವಿರಕ್ಕೆ ಇಳಿಯುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದು ಬಾಯಿ ಬಡಿದುಕೊಳ್ಳುವುದು ಅದಕ್ಕೇ. ಆರು ವರ್ಷದವಳಿದ್ದಾಗ ಸಮುದ್ರದಲ್ಲಿ ಆಡಿ, ನೀರು ಸುರಿಯುತ್ತಾ ಬಂದು ಫ್ರಿಡ್ಜಿಗೆ ಕೈ ಹಾಕಿದೆಯಲ್ಲ, ಶಾಕ್ ಹೊಡೆದು ಬಿದ್ದು ಗಲ್ಲದಡಿ ಮೂರು ಹೊಲಿಗೆ ಬಿತ್ತಲ್ಲ, ಅದೂ ಹೀಗೇ. ನಿನ್ನ ಕೈ ಒದ್ದೆ, ಅಜ್ಜಿ ಆಗತಾನೆ ಒರೆಸಿದ ನೆಲವೂ ಒದ್ದೆ.

ಹಳೆಯದು ಬಿಡು. ಓದು.

ಅಜ್ಜ


ಹಾಸ್ಟೆಲ್, ಹಾಸನ
5 ಜನವರಿ 2025

ಪ್ರೀತಿಯ ಅಜ್ಜನಿಗೆ,

ನಿಮ್ಮ ಪತ್ರ ಓದಿದ ಮೇಲೆ ನಾನೇ ಒಂದು ಲೆಕ್ಕ ಮಾಡಿದೆ. ಸರಿಯಾ ನೋಡಿ.

ಮನೆಗೆ ಬರುವುದು ಇನ್ನೂರ ಮೂವತ್ತು ವೋಲ್ಟ್. ನನ್ನ ಒದ್ದೆ ಕೈ ಸಾವಿರ ಓಮ್. ಭಾಗಿಸಿದರೆ 0.23 ಆಂಪಿಯರ್. ಮನುಷ್ಯರಿಗೆ ಅದರಲ್ಲಿ ಕಾಲು ಭಾಗವೂ ಅಪಾಯ ಎಂದು ಪುಸ್ತಕದಲ್ಲಿ ಉಂಟು.

ಆದರೆ ಅಜ್ಜ, ನನಗೊಂದು ಅರ್ಥವಾಗುವುದಿಲ್ಲ. ಫ್ರಿಡ್ಜಿನ ಬಾಗಿಲು ಬರೀ ತಗಡು. ಅದರ ಮೇಲೆ ಸೊನ್ನೆ ವೋಲ್ಟ್ ಇರಬೇಕಿತ್ತಲ್ಲ? ಸೊನ್ನೆಯನ್ನು ಎಷ್ಟರಿಂದ ಭಾಗಿಸಿದರೂ ಸೊನ್ನೆಯೇ. ಆ ದಿನ ನಾನು ಇಡೀ ಸಮುದ್ರವನ್ನೇ ಹೊದ್ದುಕೊಂಡು ಬಂದಿದ್ದರೂ ಎಂತದೂ ಆಗಬಾರದಿತ್ತು.

ತಗಡಿನ ಮೈ ಇರುವ ಯಂತ್ರಗಳಿಗೆ ಮೂರನೇ ಪಿನ್ ಇರುತ್ತದೆ, ಅದರ ತಂತಿ ಭೂಮಿಗೆ ಹೋಗುತ್ತದೆ, ಒಳಗೆ ಏನಾದರೂ ಹಾಳಾದರೆ ಕರೆಂಟ್ ಮನುಷ್ಯರನ್ನು ಬಿಟ್ಟು ಆ ತಂತಿಯಲ್ಲಿ ಇಳಿಯುತ್ತದೆ ಎಂದು ಸರ್ ಹೇಳಿದರು. ಅದಕ್ಕೆ ಅರ್ತಿಂಗ್ ಎಂದು ಹೆಸರಂತೆ. ನಮ್ಮ ಫ್ರಿಡ್ಜಿಗೂ ಮೂರು ಪಿನ್ ಉಂಟು, ನನಗೆ ನೆನಪುಂಟು.

ಒದ್ದೆ ಕೈ ನನ್ನದು, ಅಜ್ಜ. ಬಾಗಿಲ ಮೇಲೆ ವೋಲ್ಟೇಜ್ ಎಲ್ಲಿಂದ ಬಂತು? ಆ ಮೂರನೇ ಪಿನ್ ಎಲ್ಲಿಗೆ ಹೋಗಿತ್ತು?

ನಿಮಗೆ ಗೊತ್ತಿರುತ್ತದೆ ಎಂದು ಕೇಳಿದೆ.

ಪ್ರಾಪ್ತಿ


ತೋಟ ಬೆಂಗ್ರೆ
14 ಜನವರಿ 2025

ಪ್ರಾಪ್ತಿಗೆ,

ಪತ್ರ ತಲುಪಿತು. ಭಾಗಾಕಾರ ಸರಿ ಉಂಟು. ಉಳಿದದ್ದು ಹಳೆಯ ಕಥೆ, ಪರೀಕ್ಷೆಗೆ ಬರುವುದಿಲ್ಲ. ಸರಣಿ ಜೋಡಣೆ, ಸಮಾಂತರ ಜೋಡಣೆ ಚೆನ್ನಾಗಿ ಕಲಿ. ಚಳಿಗೆ ಕಿವಿ ಮುಚ್ಚಿಕೋ.

ಅಜ್ಜ


ಹಾಸ್ಟೆಲ್, ಹಾಸನ
2 ಫೆಬ್ರವರಿ 2025

ಪ್ರೀತಿಯ ಅಜ್ಜನಿಗೆ,

ನಿಮಗೆ ಸಿಟ್ಟು ಬಂದಿದೆ ಎಂದು ಗೊತ್ತಾಯಿತು. ನೀವು ಯಾವತ್ತೂ ನಾಲ್ಕು ಸಾಲಿನ ಪತ್ರ ಬರೆದವರಲ್ಲ. "ಪುಳ್ಳಿ" ಎಂದೂ ಬರೆಯಲಿಲ್ಲ. ನಾಲ್ಕಕ್ಷರ ಕಲಿತು ಅಜ್ಜನಿಗೇ ಪಾಠ ಹೇಳಲು ಬಂದಳು ಎಂದು ಅನಿಸಿರಬೇಕು. ತಪ್ಪಾಯಿತು.

ನಾನೂ ನಿಮಗೆ ಒಂದು ಸುಳ್ಳು ಹೇಳಿದ್ದೇನೆ. ಡಬ್ಬಿಯ ಬಲ್ಬು ಉರಿದದ್ದು ನಿಜ. ಉರಿಸಿದ್ದು ಆಂಡ್ರಿಯಾ. ನಾನು ಮಂಚದ ಮೇಲೆ ಕಾಲು ಮಡಚಿ ಕೂತು ನೋಡಿದೆ. ಮೂರು ವೋಲ್ಟ್ ಇರುವೆಯನ್ನೂ ಹೆದರಿಸುವುದಿಲ್ಲ ಎಂದು ನೀವು ಬರೆದಿದ್ದೀರಿ, ಆದರೆ ನನ್ನ ಕೈ ಮುಂದೆ ಹೋಗುವುದೇ ಇಲ್ಲ. ಲ್ಯಾಬಿನಲ್ಲಿ ಅವಳು ಜೋಡಿಸುತ್ತಾಳೆ, ನಾನು ಮೀಟರು ನೋಡಿ ಬರೆದುಕೊಳ್ಳುತ್ತೇನೆ. ಹಾಸ್ಟೆಲಿನಲ್ಲಿ ಫ್ಯಾನಿನ ಸ್ವಿಚ್ಚನ್ನೂ ಯಾರಾದರೂ ಬರುವವರೆಗೆ ಕಾದು ಹಾಕಿಸುತ್ತೇನೆ. ವೈರ್‌ಮನ್ ನೋಣಯ್ಯನ ಮೊಮ್ಮಗಳು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ದಿನ ಒದ್ದೆ ಕೈಯಲ್ಲಿ ಮುಟ್ಟಿದ್ದು ನಾನು. ಬೈಗುಳ ತಿಂದದ್ದು ನೆಲ ಒರೆಸಿದ ಅಜ್ಜಿ. ಬೇರೆ ಯಾರ ತಪ್ಪಾದರೂ ಇರಬಹುದಾ ಎಂದು ಹುಡುಕಿದೆ, ಅಷ್ಟೇ. ಇನ್ನು ಕೇಳುವುದಿಲ್ಲ.

ದಯವಿಟ್ಟು ಉದ್ದದ ಪತ್ರ ಬರೆಯಿರಿ.

ಪ್ರಾಪ್ತಿ


ತೋಟ ಬೆಂಗ್ರೆ
16 ಫೆಬ್ರವರಿ 2025

ನನ್ನ ಪುಳ್ಳಿ ಪ್ರಾಪ್ತಿಗೆ,

ಸಿಟ್ಟಲ್ಲ ಮಗಾ. ಹೆದರಿಕೆ.

ನಿನ್ನ ಲೆಕ್ಕವನ್ನು ಒಂದು ತಿಂಗಳಿನಿಂದ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ನೀನು ಕೇಳಿದ್ದನ್ನು ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ನನಗೆ ಮಾತ್ರ ಗೊತ್ತಿತ್ತು.

ಬೆಂಗ್ರೆಯ ನೆಲ ಎಂದರೆ ಹೊಯ್ಗೆ, ಬರೀ ಮರಳು. ಬೇಸಿಗೆಯಲ್ಲಿ ಮೇಲಿನ ಹೊಯ್ಗೆ ಒಣಗಿದರೆ ಅದರಷ್ಟು ರೋಧ ಬೇರೆ ಯಾವುದಕ್ಕೂ ಇಲ್ಲ. ಅರ್ತಿಂಗಿಗೆ ಇಲ್ಲಿ ಎಂಟು ಅಡಿ ಪೈಪು ಇಳಿಸಬೇಕು, ಸುತ್ತ ಇದ್ದಿಲು, ಉಪ್ಪು ತುಂಬಬೇಕು, ಬೇಸಿಗೆ ಪೂರ್ತಿ ಗುಂಡಿಗೆ ನೀರು ಹೊಯ್ಯುತ್ತಿರಬೇಕು. ನನಗೆ ಅದು ದಂಡದ ಕೆಲಸ ಎಂದು ಕಂಡಿತು. ಮನೆಗೆ ಬರುವ ಎರಡು ತಂತಿಯಲ್ಲಿ ಒಂದು ಫೇಸ್, ಕರೆಂಟ್ ತರುವಂಥದ್ದು. ಇನ್ನೊಂದು ನ್ಯೂಟ್ರಲ್, ಹಿಂದೆ ಕೊಂಡುಹೋಗುವಂಥದ್ದು. ಆ ನ್ಯೂಟ್ರಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೇ ಕಟ್ಟಿರುತ್ತಾರೆ. ಹಾಗಾದರೆ ಪ್ರತಿ ಮನೆಯಲ್ಲೂ ಬೇರೆ ಗುಂಡಿ ಯಾಕೆ? ಸಾಕೆಟಿನೊಳಗೆ ಒಂದು ಗೇಣು ತಂತಿಯಿಂದ ಮೂರನೇ ಪಿನ್ನನ್ನು ನ್ಯೂಟ್ರಲಿಗೇ ಸೇರಿಸಿಬಿಟ್ಟರಾಯಿತು. ಇದು ನನ್ನ ತಲೆಯಲ್ಲಿ ಹುಟ್ಟಿದ ಬುದ್ಧಿ. ಓದಿದವರಿಗೂ ಹೊಳೆಯದಿದ್ದದ್ದು ನನಗೆ ಹೊಳೆಯಿತು ಎಂಬ ಜಂಬ ಬೇರೆ.

ದೋಣಿಯ ಪಾಠ ನೆನಪುಂಟಲ್ಲ? ಹಿಂದೆ ಹೋಗುವ ದಾರಿ ತುಂಡಾದರೆ ಎಂತ ಆಗುತ್ತದೆ ಎಂದು ನಿನಗೆ ಬರೆದವನು ನಾನು. ನನಗೇ ಆಗ ಅದು ಹೊಳೆಯಲಿಲ್ಲ. ಉಪ್ಪುಗಾಳಿಗೆ ನ್ಯೂಟ್ರಲಿನ ಒಂದು ಜಾಯಿಂಟ್ ತುಕ್ಕು ಹಿಡಿದು ಬಿಟ್ಟಿತು. ಫೇಸಿನಿಂದ ಫ್ರಿಡ್ಜಿನೊಳಗೆ ಬಂದ ಕರೆಂಟಿಗೆ ಹಿಂದೆ ಹೋಗಲು ದಾರಿ ಇಲ್ಲ. ನನ್ನ ಗೇಣುದ್ದದ ತಂತಿಯಿಂದಾಗಿ ಫ್ರಿಡ್ಜಿನ ತಗಡು ಪೂರ್ತಿ ಇನ್ನೂರ ಮೂವತ್ತು ವೋಲ್ಟಿಗೆ ಏರಿ ಕೂತಿತು. ಆಗ ನೀನು ಬಾಯಾರಿ ಓಡಿ ಬಂದೆ. ಕರೆಂಟಿಗೆ ನಿನ್ನ ಮೈಯೇ ಹಿಂದಿರುಗುವ ದಾರಿಯಾಯಿತು.

ನಿನ್ನ ಕೈ ಒದ್ದೆಯಾಗಿದ್ದದ್ದು ತಪ್ಪಲ್ಲ. ಸಮುದ್ರದ ಬದಿಯ ಮಕ್ಕಳ ಕೈ ಒದ್ದೆ ಇರದೆ ಮತ್ತೆಂತ? ಅಜ್ಜಿ ನೆಲ ಒರೆಸಿದ್ದೂ ತಪ್ಪಲ್ಲ. ತಪ್ಪು ನನ್ನದು.

ನಿನ್ನನ್ನು ಆಸ್ಪತ್ರೆಗೆ ಕೊಂಡುಹೋದಾಗ ನಾನು ಮನೆಯಲ್ಲೇ ಉಳಿದೆನಲ್ಲ, ಅಜ್ಜ ಹೆದರಿದ್ದಾರೆ ಎಂದು ಎಲ್ಲರೂ ತಿಳಿದರು. ನಾನು ಸಾಕೆಟ್ ಬಿಚ್ಚಿ ಆ ತಂತಿ ಕಿತ್ತು ಹೊಳೆಗೆ ಎಸೆದೆ. ಮರುದಿನವೇ ಎಂಟಡಿ ಪೈಪು ಇಳಿಸಿದೆ. ಅಜ್ಜಿ "ನಾನು ಒರೆಸಬಾರದಿತ್ತು" ಎಂದು ಅತ್ತಾಗ ಬಾಯಿ ಮುಚ್ಚಿ ಕೂತೆ. ಅವಳು ಚಪ್ಪಲಿ ತಂದು ಇಟ್ಟಳು. ಅದು ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದೂ ಹೇಳಬೇಕಾಗುತ್ತದೆ. ಹಾಗಾಗಿ ನಾನೂ ಒಂಬತ್ತು ವರ್ಷ ಅದನ್ನು ಮೆಟ್ಟಿಯೇ ಮಜ್ಜಿಗೆ ತೆಗೆದೆ.

ನಿನಗೆ ಬರೆಯುವ ಮೊದಲು ಇವತ್ತು ಬೆಳಿಗ್ಗೆ ಅವಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು. "ಮೀನು ತರಲಿಕ್ಕೆ ಹೋಗುವುದಿಲ್ಲವಾ?" ಎಂದು ಮಾತ್ರ ಕೇಳಿದಳು. ಹೋಗಿ ತಂದೆ. ಇಷ್ಟರವರೆಗೆ ಬೇರೆ ಮಾತಿಲ್ಲ.

ಇನ್ನೂ ಉಂಟು. ಈ ಬುದ್ಧಿಯನ್ನು ಬೆಂಗ್ರೆಯ ಹನ್ನೊಂದು ಬೇರೆ ಮನೆಗಳಲ್ಲೂ ಮಾಡಿದ್ದೆ. ಏಳು ಮನೆಯವರು ಯಾವುದಾದರೂ ರಿಪೇರಿಗೆ ಕರೆದಾಗ ಗುಟ್ಟಿನಲ್ಲಿ ಸರಿ ಮಾಡಿ ಬಂದೆ. ನಾಲ್ಕು ಮನೆಯವರು ಕರೆಯಲಿಲ್ಲ. ಕರೆಯದೆ ಹೋಗಲು ನನಗೆ ಮುಖ ಇರಲಿಲ್ಲ.

ನಿನ್ನ ಕೈ ಸ್ವಿಚ್ಚಿಗೆ ಹೋಗುವುದಿಲ್ಲ ಎಂದು ಬರೆದೆಯಲ್ಲ, ಆ ಸಾಲು ಓದಿದ ಮೇಲೆ ಇನ್ನು ಮುಚ್ಚಿಡಲು ಆಗಲಿಲ್ಲ. ನೀನು ಹೆದರುವುದು ಕರೆಂಟಿಗಲ್ಲ ಮಗಾ, ನನ್ನ ಕೆಲಸಕ್ಕೆ.

ಅಜ್ಜ


ತೋಟ ಬೆಂಗ್ರೆ
2 ಮಾರ್ಚ್ 2025

ಪುಳ್ಳಿಗೆ ಆಶೀರ್ವಾದ.

ನಿನ್ನ ಉತ್ತರ ಬರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಎಂದು ನಿನ್ನ ಅಮ್ಮ ಹೇಳಿದಳು. ಬೇರೆ ಕಾರಣವಾದರೂ ಸರಿಯೇ. ಉತ್ತರ ಬೇಡ, ಓದಿದರೆ ಸಾಕು.

ನಾಲ್ಕು ಮನೆಗೂ ಹೋದೆ. ಪೈಪು, ಸ್ವಿಚ್ಚು ತರಲು ಬಂದರಿಗೆ ಹೋದಾಗ ಖಾಲಿದ್ ಸಾಹೇಬರು, "ಎಂತ ಮಾರಾಯ್ರೇ, ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು, ಪುನಃ ಹರೆಯ ಬಂತಾ?" ಎಂದು ತಮಾಷೆ ಮಾಡಿದರು. ವಿಷಯ ಹೇಳಿದೆ. ನಗುವುದನ್ನು ನಿಲ್ಲಿಸಿ, ಪೈಪನ್ನು ತಾವೇ ದೋಣಿಯವರೆಗೆ ಹೊರಿಸಿಕೊಟ್ಟರು.

ಮೊದಲನೇ ಮನೆಯವರು ಒಳಗೇ ಬಿಡಲಿಲ್ಲ. "ನಮ್ಮ ಮಕ್ಕಳೂ ಅದನ್ನೇ ಮುಟ್ಟಿದ್ದಲ್ವಾ? ಇನ್ನು ನೀವು ಬೇಡ, ಬೇರೆಯವರಿಂದ ಮಾಡಿಸ್ತೇವೆ" ಎಂದರು. ಸರಿಯೇ ಎಂದೆ. ಮಾಡಿಸಿದರಾ ಎಂದು ಮೂರನೇ ದಿನ ಗೇಟಿನ ಹೊರಗೆ ನಿಂತು ಕೇಳಿ ಬಂದೆ. ಮಾಡಿಸಿದ್ದಾರೆ.

ಎರಡು ಮನೆಯವರು ಒಳಗೆ ಬಿಟ್ಟು ಕೆಲಸ ಮಾಡಿಸಿಕೊಂಡರು. ಕಡೆಯದ್ದು ಪಕ್ಕದ ಕಸಬ ಬೆಂಗ್ರೆಯ ಆಸ್ಯಮ್ಮನ ಮನೆ. ನಾನು ಹೇಳಿದ್ದೆಲ್ಲ ಕೇಳಿ, "ಓ ನೋಣಯ್ಯಣ್ಣ, ನನ್ನ ವಾಷಿಂಗ್ ಮಿಷನ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅಂತದೆ. ಅದಕ್ಕೆ ಜೀವ ಉಂಟು ಅಂತ ನಾನು ಸಲಾಂ ಹೇಳಿಯೇ ಬಟ್ಟೆ ಹಾಕುವುದು. ಅದು ನಿಮ್ಮ ಕಿತಾಪತಿಯಾ?" ಎಂದರು. ಹೌದು ಎಂದೆ. "ಒಂಬತ್ತು ವರ್ಷ ಬೇಕಾಯ್ತಾ ಈ ಹೊಳೆಬದಿ ನಡೆದು ಬರಲಿಕ್ಕೆ?" ಎಂದು ಇನ್ನೊಂದು ಕೊಟ್ಟರು. ಆಮೇಲೆ ಚಾ ಕೊಟ್ಟರು. ಗುಂಡಿಯನ್ನು ಅವರ ಮಗ ಬಾಸಿತ್ ತೋಡಿದ. ಫೇಸಿಗೂ ಅರ್ತಿಂಗ್ ಪೈಪಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದೆ. ಭೂಮಿಯ ದಾರಿ ಸರಿ ಇದ್ದರೆ ಅದು ಬೆಳ್ಳಗೆ ಉರಿಯಬೇಕು. ಮೊದಲು ಮಂಕು. ಎರಡು ಕೊಡ ನೀರು ಹೊಯ್ದ ಮೇಲೆ ಬೆಳ್ಳಗೆ ಉರಿಯಿತು. ಆಸ್ಯಮ್ಮ "ಇನ್ನು ಸಲಾಂ ಬೇಡವಾ?" ಎಂದು ಕೇಳಿದರು.

ಸ್ವಲ್ಪ ಕರೆಂಟ್ ದಾರಿ ತಪ್ಪಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಾನೇ ಬಿದ್ದುಹೋಗುವ ಸ್ವಿಚ್ಚನ್ನು ಮೂರೂ ಮನೆಗೆ ಹಾಕಿದ್ದೇನೆ, ನಮ್ಮ ಮನೆಗೂ.

ಅಜ್ಜಿ ಮಾತಾಡುತ್ತಾಳೆ. ಬೇಕಾದಷ್ಟು ಮಾತ್ರ.

ಅಜ್ಜ


ಹಾಸ್ಟೆಲ್, ಹಾಸನ
12 ಮಾರ್ಚ್ 2025

ಪ್ರೀತಿಯ ಅಜ್ಜನಿಗೆ,

ನಿಮ್ಮ ಎರಡೂ ಪತ್ರ ಸಿಕ್ಕಿದವು. ಮೊದಲನೆಯದ್ದನ್ನು ಓದಿ ನನಗೆ ಸಿಟ್ಟು ಬಂತು. ತಪ್ಪನ್ನು ನನ್ನ ಮೇಲೆ ಹಾಕಿದ್ದಕ್ಕಲ್ಲ, ನಾನು ಚಿಕ್ಕವಳು, ಮರೆಯುತ್ತಿದ್ದೆ. ಅಜ್ಜಿ ಒಂಬತ್ತು ವರ್ಷ ನೆಲ ಒರೆಸಿದ ಮೇಲೆಲ್ಲ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸುತ್ತಿದ್ದರಲ್ಲ, ಮೊಣಕಾಲು ನೋವು ಎನ್ನುತ್ತಲೇ, ಅದು ನೆನಪಾಗಿ ಸಿಟ್ಟು ಬಂತು. ನಾಲ್ಕು ದಿನ ನಿಮ್ಮ ಪತ್ರವನ್ನು ಪೆಟ್ಟಿಗೆಯ ಅಡಿಗೆ ಹಾಕಿಟ್ಟಿದ್ದೆ.

ಐದನೇ ದಿನ ಆಂಡ್ರಿಯಾ ಸ್ನಾನಕ್ಕೆ ಹೋಗಿದ್ದಳು. ಡಬ್ಬಿ ತೆಗೆದೆ. ಮೊದಲು ಇಡೀ ಸುತ್ತನ್ನು ಬೆರಳಿನಲ್ಲಿ ಹಿಡಿದು ನೋಡಿದೆ. ಸೆಲ್ಲಿನಿಂದ ಹೋಗುವ ದಾರಿ, ಹಿಂದೆ ಬರುವ ದಾರಿ, ಎಲ್ಲೂ ಸಡಿಲ ಇಲ್ಲ. ಆಮೇಲೆ ಸ್ವಿಚ್ ಹಾಕಿದೆ. ಉರಿಯಿತು ಅಜ್ಜ. ನನ್ನ ಕೈಯಿಂದ. ಆಮೇಲೆ ಎದ್ದು ಹೋಗಿ ಫ್ಯಾನೂ ಹಾಕಿದೆ. ಬೆಳಗಿನ ಚಳಿಯಲ್ಲಿ ಯಾಕೆ ಫ್ಯಾನು ಎಂದು ಎಲ್ಲರೂ ಬೈದರು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮನೆಯ ವಿದ್ಯುತ್ ಮಂಡಲದ ಚಿತ್ರ ಬರೆಯಲು ಬಂದಿತ್ತು. ನಾನು ಎಲ್ಲಕ್ಕಿಂತ ಮೊದಲು ಭೂಮಿಯ ತಂತಿ ಬರೆದೆ. ಪಕ್ಕದಲ್ಲಿ "ಹೊಯ್ಗೆ ನೆಲವಾದರೆ ಎಂಟು ಅಡಿ, ಇದ್ದಿಲು, ಉಪ್ಪು, ನೀರು" ಎಂದೂ ಬರೆದೆ. ಸರ್ ಕೆಂಪು ಪೆನ್ನಿನಲ್ಲಿ "ಇದನ್ನು ಎಲ್ಲಿ ಓದಿದೆ?" ಎಂದು ಕೇಳಿದ್ದಾರೆ. ನಮ್ಮ ಅಜ್ಜನ ಪತ್ರದಲ್ಲಿ ಎಂದು ಹೇಳಿದೆ.

ಏಪ್ರಿಲ್ ಐದಕ್ಕೆ ಮನೆಗೆ ಬರುತ್ತೇನೆ. ನಮ್ಮ ಅರ್ತಿಂಗನ್ನು ನಾನೇ ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕು. ನೀವು ಸರಿ ಮಾಡಿದ್ದೇನೆ ಎಂದರೂ ನೋಡಬೇಕು. ಬೇಜಾರು ಮಾಡಬೇಡಿ.

ಆಮೇಲೆ ಬರಿಗಾಲಲ್ಲಿ ಫ್ರಿಡ್ಜ್ ತೆರೆಯುತ್ತೇನೆ. ಅಲ್ಲಿಯವರೆಗೆ ಚಪ್ಪಲಿ ತೆಗೆಯಬೇಡಿ ಎಂದು ಅಜ್ಜಿಗೆ ಹೇಳಿ.

ನಿಮ್ಮ ಪುಳ್ಳಿ,
ಪ್ರಾಪ್ತಿ


ತೋಟ ಬೆಂಗ್ರೆ
20 ಮಾರ್ಚ್ 2025

ಪುಳ್ಳಿ,

ಬೇಜಾರು ಎಂತದ್ದು? ಬೇರೆಯವರ ಕೆಲಸವನ್ನು ನಂಬದೆ ತಾನೇ ನೋಡುವುದು ಈ ಕಸುಬಿನ ಮೊದಲ ಪಾಠ. ನಾನು ಕಡೆಗೆ ಕಲಿತದ್ದನ್ನು ನೀನು ಮೊದಲೇ ಕಲಿತೆ. ಟೆಸ್ಟ್ ಲ್ಯಾಂಪಿಗೆ ಹೊಸ ವಯರ್ ಹಾಕಿ ಇಟ್ಟಿದ್ದೇನೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಹಿಡಿಯುವುದು ನೀನು.

ಚಪ್ಪಲಿಯ ವಿಷಯದಲ್ಲಿ ನಿನ್ನ ಮಾತು ನಡೆಯಲಿಲ್ಲ. ಪತ್ರ ಓದಿ ಹೇಳಿದ ಕೂಡಲೇ ಅಜ್ಜಿ ಹೋಗಿ ಎತ್ತಿಕೊಂಡಳು. "ಅವಳು ಬರಲಿ, ಇರಲಿ" ಎಂದೆ. "ಇಷ್ಟು ವರ್ಷ ಇಟ್ಟದ್ದು ನಾನು, ತೆಗೆಯುವುದೂ ನಾನೇ" ಎಂದಳು. ಬಿಸಾಡಲಿಲ್ಲ. ಮೆಟ್ಟಿಕೊಂಡು ಹಿತ್ತಲಿಗೆ ಹೋದಳು. ಬಿಸಿಲಿಗೆ ಹೊಯ್ಗೆ ಕಾದಿತ್ತು. ಬಾವಿಯಿಂದ ಒಂದು ಕೊಡ ಸೇದಿ ಅರ್ತಿಂಗ್ ಗುಂಡಿಗೆ ಹೊಯ್ದಳು. ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿ, "ಇಷ್ಟು ಸಾಕಾ, ಇನ್ನೊಂದು ಬೇಕಾ?" ಎಂದು ಕೇಳಿದಳು.

ಇನ್ನೊಂದು ಬೇಕು ಎಂದೆ. ಆ ಕೊಡ ನಾನು ಸೇದಿದೆ.

ಅಜ್ಜ